ಮೇಜಿಗೆ ಮುಪ್ಪು, ಮೇಸ್ತ್ರಿಗೆ ಪ್ರಾಯ

ಹೊಸ ಮರಕ್ಕೆ ಮುಪ್ಪು ತರಿಸಿಯೂ ಹೊಟ್ಟೆ ಹೊರೆಯಬಹುದು ಎಂದು ನನಗೆ ಮೊದಲು ಹೇಳಿದವರು ನಮ್ಮ ಧಣಿಗಳು. ಉಡುಪಿ ಕಡೆಯವರು, ಕಾಂದಿವಲಿ ಸ್ಟೇಶನ್ನಿನ ಹತ್ತಿರ ಹೋಟೆಲು ಇಟ್ಟಿದ್ದರು. ನಾನು ಅಲ್ಲಿ ಇಡ್ಲಿ ತಿನ್ನುತ್ತ ಕೂತಿದ್ದಾಗ ಎದುರಿನ ಕುರ್ಚಿ ಎಳೆದುಕೊಂಡು, "ನೀವು ಬಿ.ಎ. ಅಲ್ವಾ? ಇಂಗ್ಲಿಷು ಬರ್ತದಲ್ಲ? ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಂದೊಂದು ಫರ್ನಿಚರ್ ಕಾರ್ಖಾನೆ ಉಂಟು. ಮೇಜು ಕುರ್ಚಿ ಮಾಡುದು, ಮತ್ತೆ ಅದನ್ನು ಹಾಳು ಮಾಡುದು. ದೊಡ್ಡ ದೊಡ್ಡ ಜನ ಬರ್ತಾರೆ. ಅವರ ಹತ್ರ ಇಂಗ್ಲಿಷಿನಲ್ಲಿ ಮಾತಾಡ್ಲಿಕ್ಕೆ ಒಬ್ರು ಬೇಕು ಮಾರಾಯ್ರೆ," ಎಂದರು.

ಎಪ್ಪತ್ತರ ಆಸುಪಾಸಿನ ಮಾತು. ಆಗ ಮುಂಬಯಿಯ ಶ್ರೀಮಂತರಿಗೆ ಇದ್ದಕ್ಕಿದ್ದಂತೆ ಹಳೆಯ ಸಾಮಾನಿನ ಹುಚ್ಚು ಹಿಡಿದಿತ್ತು. ನಾವು ಚಾಳಿನವರು ಮನೆಯಲ್ಲಿದ್ದ ಹಳೆಯದನ್ನೆಲ್ಲ ಗುಜರಿಯವನಿಗೆ ಕೊಟ್ಟು ಫಾರ್ಮೈಕಾ ಹಾಕಿಸುತ್ತಿದ್ದರೆ, ಮಲಬಾರ್ ಹಿಲ್ಲಿನವರು ಫಾರ್ಮೈಕಾ ಕಿತ್ತೆಸೆದು ಬಿರುಕು ಬಿಟ್ಟ ಮೇಜು ಹುಡುಕುತ್ತಿದ್ದರು. ಇರುವ ವಯಸ್ಸು ಬಿಟ್ಟು ಬೇರೆ ವಯಸ್ಸು ಕಾಣಿಸಬೇಕೆಂದು ಹೊರಟವರ ನಡುವೆ ತಮಾಷೆ ನಡೆಯುತ್ತಲೇ ಇರುತ್ತದೆ. ನಮ್ಮಲ್ಲಿ ತುಸು ಜಾಸ್ತಿಯೇ ನಡೆಯುತ್ತಿತ್ತು, ಏಕೆಂದರೆ ನಮಗೆ ಅದೇ ಕಸುಬು.

೧. ನನ್ನ ಸೀರೆಗೆ ಬಂದ ಮುಪ್ಪು

ಕಾರ್ಖಾನೆಗೆ ಹೆಸರಿಗೆ ಧಣಿಗಳು, ಆಳುತ್ತಿದ್ದವರು ಮೇಸ್ತ್ರಿ. ಬಾಗಲಕೋಟೆ ಕಡೆಯವರು. ಗಿರಿಜಾ ಮೀಸೆ, ಅದರ ಮೇಲೆ ಬಹಳ ಅಭಿಮಾನ. ತಮ್ಮ ಕೈಚಳಕದ ಮೇಲೆ ಅದಕ್ಕಿಂತ ಹೆಚ್ಚು. "ಬಾಯಾರ, ದೇವ್ರು ಒಂದ ಮರಾ ಮುದಿ ಮಾಡಾಕ ನೂರು ವರ್ಷ ತಗೋತಾನ್ರಿ. ನನಗ ಒಂದು ವಾರ ಸಾಕು," ಎಂದು ಮೊದಲ ದಿನವೇ ದೇವರನ್ನು ಎರಡನೆಯ ಸ್ಥಾನಕ್ಕೆ ಇಳಿಸಿದರು.

ಅವರ ಅಸ್ತ್ರಗಳು ಎರಡು. ಒಂದು, ಧಣಿಗಳ ಹೋಟೆಲಿನ ಚಹಾ ಚರಟವನ್ನು ಮತ್ತೆ ಕುದಿಸಿದ ಕಡು ಡಿಕಾಕ್ಷನ್. ಇನ್ನೊಂದು, ವಿನೆಗರಿನಲ್ಲಿ ತುಕ್ಕು ಮೊಳೆಗಳನ್ನು ನೆನೆಹಾಕಿದ ನೀರು. ಅದಕ್ಕೆ ಮೊಳೆನೀರು ಎಂದೇ ಹೆಸರು. ಬೇರೆ ಬೇರೆಯಾಗಿ ಇವೆರಡೂ ಸಾಧು. ಒಂದರ ಮೇಲೆ ಒಂದು ಬಿದ್ದರೆ ಮಾತ್ರ ನಿನ್ನೆ ಕೀಸುಳಿ ಹಾಕಿದ ಮರ ನೋಡನೋಡುತ್ತಿದ್ದಂತೆ ಹೊಗೆ ಹಿಡಿದ ಅಡುಗೆಮನೆಯ ತೊಲೆಯ ಹಾಗೆ ಕಪ್ಪಾಗುತ್ತಿತ್ತು.

ನಾನು ಮೊದಲ ದಿನವೆಂದು ಹೊಸ ಕೆನೆಬಣ್ಣದ ವಾಯಿಲ್ ಸೀರೆ ಉಟ್ಟಿದ್ದೆ. ಮೊಳೆನೀರಿನ ಬಕೆಟ್ಟಿನ ಪಕ್ಕ ಹಾದುಹೋಗುವಾಗ ಸೆರಗಿಗೆ ನಾಲ್ಕು ಹನಿ ಸಿಡಿಯಿತು. ಕಲೆಯೇನೂ ಕಾಣಲಿಲ್ಲ, ಒಣಗಿತು, ಮರೆತೆ. ಸಂಜೆ ಮನೆಗೆ ಬಂದು, ಎದುರುಮನೆಯವರಿಗೆ ಹೊಸ ಕೆಲಸದ ಪ್ರತಾಪ ಹೇಳುವ ಭರದಲ್ಲಿ ಕೈಯಲ್ಲಿದ್ದ ಚಹಾ ಸೆರಗಿನ ಮೇಲೆ ತುಳುಕಿಸಿಕೊಂಡೆ. ನಾವಿಬ್ಬರೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ ಹಾಗೇ ಸೆರಗಿನ ಮೇಲೆ ಒಂದೊಂದಾಗಿ ಕರಿ ಚುಕ್ಕೆಗಳು ಎದ್ದವು. ಎದುರುಮನೆಯವರು ದೂರ ಸರಿದು, "ಏನು ಕಾರ್ಖಾನೆ ಅಂದ್ರಿ ನೀವು?" ಎಂದು ಇನ್ನೊಮ್ಮೆ ಕೇಳಿದರು.

ಮರುದಿನ ಸೀರೆ ಒಯ್ದು ಮೇಸ್ತ್ರಿಯ ಮುಂದೆ ಹಿಡಿದೆ. ಅವರು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಕಸುಬುದಾರನ ಗಾಂಭೀರ್ಯದಿಂದ ಹೇಳಿದರು: "ಚಲೋ ಹತ್ತೇತ್ರಿ ಬಾಯಾರ. ಅಂಚಿಗೂ ಒಂದೀಟು ಹಚ್ಚಿದ್ರ ನಿಮ್ಮ ಮುತ್ತಜ್ಜೀ ಸೀರಿ ಅಂತ ಹೇಳಬಹುದು."

೨. ಗುರುವಾರಕ್ಕೆ ಮುನ್ನೂರು

ಧಣಿಗಳಿಗೆ ಒಂದು ನೀತಿ ಇತ್ತು. "ನಾವಾಗಿ ಹಳತು ಅಂತ ಹೇಳ್ಲಿಕ್ಕಿಲ್ಲ. ಹಾಗೆ ಕಾಣುವ ಹಾಗೆ ಮಾಡ್ತೇವೆ ಅಂತ ಹೇಳುದು. ಮನೆಗೆ ಒಯ್ದ ಮೇಲೆ ನೆಂಟರಿಗೆ ಅವರು ಎಂತ ಬೇಕಾದರೂ ಹೇಳಿಕೊಳ್ಳಲಿ." ನೀತಿ ಚೆನ್ನಾಗಿತ್ತು. ಮೇಸ್ತ್ರಿಗೆ ಮಾತ್ರ ಅದರ ಸೂಕ್ಷ್ಮ ತಿಳಿದಿರಲಿಲ್ಲ.

ಒಂದು ದಿನ ಮಲಬಾರ್ ಹಿಲ್ಲಿನಿಂದ ಫಿಯೆಟ್ಟಿನಲ್ಲಿ ಒಬ್ಬ ಹೆಂಗಸು ಬಂದರು. ಕಪ್ಪು ಕನ್ನಡಕ, ತೋಳಿಲ್ಲದ ರವಿಕೆ, ಮೂಗಿಗೆ ಕರ್ಚೀಫು. ಮೂಲೆಯಲ್ಲಿದ್ದ ಊಟದ ಮೇಜಿನ ಮುಂದೆ ಮಂಡಿಯೂರಿ ಅದರ ಕಾಲನ್ನು ಮಗುವಿನ ಗಲ್ಲದ ಹಾಗೆ ಸವರಿದರು. "ಎಷ್ಟು ಹಳೆಯದು ಇದು?" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ನಾನು ಮೇಸ್ತ್ರಿಗೆ ಅದನ್ನೇ ಕನ್ನಡದಲ್ಲಿ ಕೇಳಿದೆ.

"ಸೋಮವಾರದ್ದು," ಎಂದರು ಮೇಸ್ತ್ರಿ.

"ಮೇಸ್ತ್ರೀ!"

"ಮತ್ತೇನ್ರಿ ಬಾಯಾರ? ಸೋಮವಾರ ಜೋಡಿಸೀನಿ. ಈಗ ಒಂದು ಅರವತ್ತು ವರ್ಷ ಆಗಿರಬೇಕು. ಅವಸರ ಬ್ಯಾಡ ಅಂತ ಹೇಳ್ರಿ ಅವರಿಗೆ. ಗುರುವಾರಕ್ಕ ಮುನ್ನೂರು ವರ್ಷ ಮಾಡಿ ಕೊಡತೀನಿ."

ಹೆಂಗಸು ನನ್ನ ಮುಖ ನೋಡಿದರು. ಧಣಿಗಳು ಬಾಗಿಲಿನಿಂದಲೇ ಕೈ ಮುಗಿದು ನನ್ನ ಕಡೆ ನೋಡಿದರು. ನಾನು ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಇದಿನ್ನೂ ಪಕ್ವವಾಗಿಲ್ಲ, ಗುರುವಾರಕ್ಕೆ ಮುನ್ನೂರು ವರ್ಷ ತುಂಬುತ್ತದೆ ಎನ್ನುತ್ತಿದ್ದಾರೆ," ಎಂದೆ.

ಆಕೆ ಜಾಣೆ. ಪಕ್ಕದಲ್ಲಿ ಒಣಗಲು ಇಟ್ಟಿದ್ದ ಬಿಳಿ ಮರದ ಕುರ್ಚಿಗಳನ್ನೂ ನೋಡಿದರು, ಚಹಾದ ಬಕೆಟ್ಟನ್ನೂ ನೋಡಿದರು. ಗೊಳ್ಳನೆ ನಕ್ಕು, "ಹಾಗಾದರೆ ಶನಿವಾರದವರೆಗೂ ಇರಲಿ. ನನ್ನ ಯಜಮಾನರಿಗೆ ನಾನೂರು ವರ್ಷ ಅಂತ ಹೇಳಿಬಿಟ್ಟಿದ್ದೇನೆ!" ಎಂದರು.

೩. ಮುಖಕ್ಕೆ ಹೊಡೆಯಬೇಡ

ಮೇಜು ಕಪ್ಪಾದರೆ ಸಾಲದು, ಪೆಟ್ಟೂ ತಿಂದಿರಬೇಕು. ಸೈಕಲ್ ಚೈನು, ಬೀಗದ ಕೈಗಳ ಗೊಂಚಲು, ಹಳೆಯ ಬೂಟು ಇವುಗಳಿಂದ ಸಾಮಾನಿಗೆ ಬಾರಿಸುವುದು ಒಂದು ಪ್ರತ್ಯೇಕ ವಿಭಾಗ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು, ಯುಪಿಯ ಇಬ್ಬರು ಬಡಗಿಗಳಿಗೆ ಹಿಂದಿಯಲ್ಲಿ ಅಪ್ಪಣೆ ಕೊಡುತ್ತಿದ್ದರು: "ಪೈರ್ ಪೇ ಮಾರ್! ಔರ್ ಮಾರ್! ಮೂಂಹ್ ಪೇ ಮತ್ ಮಾರ್, ಮೂಂಹ್ ಸಬ್ ದೇಖ್ತಾ ಹೈ!"

ಕಾಲಿಗೆ ಹೊಡಿ, ಮುಖಕ್ಕೆ ಬೇಡ, ಮುಖವನ್ನು ಎಲ್ಲರೂ ನೋಡುತ್ತಾರೆ! ಮುಖವೆಂದರೆ ಬೀರುವಿನ ಮುಂಬಾಗಿಲು. ಮುಚ್ಚಿದ ಶಟರಿನ ಆಚೆ ನಿಂತು ಕೇಳಿದವರಿಗೆ ಇದು ತಿಳಿಯುವುದು ಹೇಗೆ? ಪಕ್ಕದ ಕಾರ್ಖಾನೆಯಲ್ಲಿ ಯಾರೋ ಬಡಪಾಯಿಯನ್ನು ಕೊಲ್ಲುತ್ತಿದ್ದಾರೆಂದು ನೆರೆಯವರು ಪೊಲೀಸ್ ಚೌಕಿಗೆ ಹೋಗಿ ಹೇಳಿದರು. ಹವಾಲ್ದಾರರು ಲಾಠಿ ಹಿಡಿದು ಬಂದು ಶಟರು ಎತ್ತಿದರು.

"ಕೋಣಾಲಾ ಮಾರ್ತಾಯ್ ರೇ?" ಯಾರಿಗ್ರೋ ಹೊಡೀತಿದ್ದೀರಿ?

ಒಳಗೆ ಒಂದು ಬೀರು. ಅದರ ಎರಡೂ ಬದಿಗೆ ಚೈನು ಹಿಡಿದ ಬಡಗಿಗಳು. ಹವಾಲ್ದಾರರು ಬೀರುವಿನ ಒಳಗೆ ನೋಡಿದರು, ಹಿಂದೆ ನೋಡಿದರು. ಒಳಗೆ ಯಾರೂ ಇಲ್ಲದ್ದು ಅವರಿಗೆ ಕೊಂಚ ನಿರಾಸೆಯನ್ನೇ ಉಂಟುಮಾಡಿತು. ನಾನು ಮರಾಠಿಯಲ್ಲಿ ಎಲ್ಲ ವಿವರಿಸಿದೆ. ಅವರು ಒಂದು ಕ್ಷಣ ಯೋಚಿಸಿ, ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, "ಅಸಂ ನಾಹೀ, ಅಸಂ!" ಹೀಗಲ್ಲ, ಹೀಗೆ! ಎಂದು ಲಾಠಿ ಬೀಸಿ ಬೀರುವಿನ ಮೊಣಕಾಲಿಗೆ ಎರಡು ಬಾರಿಸಿದರು. ಮೇಸ್ತ್ರಿ ಬಗ್ಗಿ ನೋಡಿ ತಲೆದೂಗಿದರು. ಇಡೀ ಬೀರುವಿನಲ್ಲಿ ಅವೆರಡೇ ಗಾಯಗಳು ನಿಜವಾಗಿಯೂ ಪುರಾತನವಾಗಿ ಕಾಣುತ್ತಿದ್ದವು.

ಆದರೂ ಬಂದದ್ದಕ್ಕೆ ವಿಚಾರಣೆ ಎಂದು ಒಂದು ಆಗಬೇಕಲ್ಲ. ಮೇಸ್ತ್ರಿಯನ್ನು ನಿಲ್ಲಿಸಿ ವಯಸ್ಸು ಕೇಳಿದರು.

"ಚೌತೀಸ್," ಎಂದರು ಮೇಸ್ತ್ರಿ. ಮೂವತ್ತನಾಲ್ಕು.

ಹವಾಲ್ದಾರರು ಮೇಸ್ತ್ರಿಯ ನರೆತ ಮೀಸೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ ಮಾಡಿದರು. "ಆಣಿ ಹ್ಯಾಚಂ?" ಮತ್ತೆ ಇದರದು? ಎಂದು ಬೀರುವಿನ ಕಡೆ ಲಾಠಿ ತೋರಿಸಿದರು.

"ದೋ ಸೌ ಸಾಲ್." ಇನ್ನೂರು ವರ್ಷ.

ಹವಾಲ್ದಾರರು ಟೋಪಿ ಹಾಕಿಕೊಂಡು, ಗದ್ದಲ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಧಣಿಗಳನ್ನು ದಾಟಿ ಹೊರಟರು. "ದೋನ್ಹೀ ಖೋಟಂ!" ಎರಡೂ ಸುಳ್ಳು!

೪. ಸಾಯದ ಹುಳ

ಮೂವತ್ತನಾಲ್ಕರ ಕಥೆ ಇಲ್ಲೇ ಹೇಳಿಬಿಡಬೇಕು. ಮೇಸ್ತ್ರಿಗೆ ಮದುವೆಯಾಗಿರಲಿಲ್ಲ. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತಮ್ಮದು ಹಿಂದೆ ಬಿದ್ದಿತ್ತು. ನಾನು ಕಂಡಂತೆಯೇ ಮೂರು ಕಡೆ ಹೆಣ್ಣು ನೋಡಿ ಬಂದರು. ಮೂರೂ ಕಡೆಯಿಂದ, "ಹುಡುಗ ಒಳ್ಳೆಯವರು, ಆದರೆ ಹುಡುಗ ಅಲ್ಲ" ಎಂಬರ್ಥದ ಉತ್ತರ ಬಂತು. ಆ ಮೇಲೆ ಮೇಸ್ತ್ರಿ ಧಣಿಗಳಿಗೆ ಖಡಾಖಂಡಿತ ಹೇಳಿದರು: "ದೀಪಾವಳಿಯೊಳಗ ಒಂದು ಸಂಬಂಧ ಕೂಡಿದ್ರ ಸೈ. ಇಲ್ಲಾಂದ್ರ ನಾ ಊರಿಗೆ ಹೊಂಟೆ. ಅಲ್ಲಿ ಅಣ್ಣನ ಮಕ್ಕಳರ ಅದಾವು, ಮಾತಾಡಸ್ತಾವು. ಇಲ್ಲಿ ಬೀರೂ ಜೋಡಿ ಎಷ್ಟಂತ ಮಾತಾಡ್ಲಿ?"

ಧಣಿಗಳ ಬಣ್ಣ ಇಳಿಯಿತು. "ಇವರು ಹೋದರೆ ನಮ್ಮ ಮೇಜುಗಳಿಗೆ ವಯಸ್ಸಾಗುದು ಹೇಗೆ ಮಾರಾಯ್ರೆ?" ಎಂದು ನನ್ನ ಹತ್ತಿರ ಗೋಳಾಡಿದರು. ಹೋಟೆಲಿಗೆ ಊಟಕ್ಕೆ ಬರುವ ಪ್ರತಿಯೊಬ್ಬ ಗಿರಾಕಿಯ ಮನೆಯಲ್ಲೂ ಮದುವೆಗೆ ಇರುವ ಹೆಣ್ಣುಮಕ್ಕಳ ವಿಚಾರಣೆ ಶುರುಮಾಡಿದರು. ಒಂದಿಬ್ಬರು ಗಿರಾಕಿಗಳು ಇವರನ್ನು ಅಪಾರ್ಥ ಮಾಡಿಕೊಂಡು ಬೇರೆ ಹೋಟೆಲಿಗೆ ಹೋಗತೊಡಗಿದರು.

ಇದರ ನಡುವೆ ಮಲಬಾರ್ ಹಿಲ್ಲಿನ ಆ ಹೆಂಗಸಿನ ಫೋನು ಬಂತು. ಕಾರ್ಖಾನೆಗೆ ಫೋನು ಇರಲಿಲ್ಲ, ಹೋಟೆಲಿನ ಗಲ್ಲಾದ ಮೇಲೆ ಇತ್ತು. ಮಧ್ಯಾಹ್ನದ ಊಟದ ಗದ್ದಲ. ಮೇಸ್ತ್ರಿ ಊಟಕ್ಕೆ ಬಂದು ಒಳಗಿನ ಕೊನೆಯ ಮೇಜಿನಲ್ಲಿ ಕೂತಿದ್ದರು. ಆಕೆ ಹೇಳಿದ್ದು ಇಷ್ಟು: ನಾನೂರು ವರ್ಷದ ಮೇಜಿನಲ್ಲಿ ತೂತುಗಳನ್ನು ಕಂಡ ಯಜಮಾನರು ಗಾಬರಿಯಾಗಿ ಔಷಧಿ ಹೊಡೆಯುವವನನ್ನು ಕರೆಸಿದ್ದಾರೆ, ಎರಡು ಸಲ ಹೊಡೆದರೂ ತೂತು ಹಾಗೇ ಇವೆ, ಹುಳ ನಿಜವಾದದ್ದೋ, ನಿಮ್ಮದೋ?

ಆ ತೂತುಗಳನ್ನು ಮೇಸ್ತ್ರಿಯೇ ದಬ್ಬಳದಿಂದ ಕೊರೆದಿದ್ದರು. ನಾನು ಖಾತ್ರಿ ಮಾಡಿಕೊಳ್ಳಲು ಫೋನು ಕೈಯಲ್ಲಿ ಹಿಡಿದೇ ಆ ಗದ್ದಲದ ಮೇಲೆ ಕೂಗಿದೆ: "ಮೇಸ್ತ್ರೀ, ಹುಳ ಇದೆಯಂತೆ! ಔಷಧಿ ಹೊಡೆದರೂ ಸಾಯೋದಿಲ್ಲವಂತೆ!"

ಇಡೀ ಹೋಟೆಲು ನನ್ನ ಕಡೆ ತಿರುಗಿತು. ಬಾಯಿಗೆ ಹೋಗುತ್ತಿದ್ದ ಕೈಗಳೆಲ್ಲ ಅರ್ಧಕ್ಕೆ ನಿಂತವು. ಒಬ್ಬರು ಸಾಂಬಾರಿನ ಬಟ್ಟಲನ್ನು ಮೆಲ್ಲಗೆ ದೂರ ಸರಿಸಿದರು. ಧಣಿಗಳು ಗಲ್ಲಾದಿಂದ ಹಾರಿ ಬಂದು, "ಮೇಜಿನಲ್ಲಿ! ಮೇಜಿನಲ್ಲಿ! ಸಾಂಬಾರಿನಲ್ಲಿ ಅಲ್ಲ!" ಎಂದು ಕೈ ಬೀಸಿದರು. ಅದನ್ನು ಕೇಳಿ ಎಲ್ಲರೂ ತಂತಮ್ಮ ಮೇಜಿನಿಂದ ಮೊಣಕೈ ಎತ್ತಿದರು.

ಒಳಗಿನಿಂದ ಮೇಸ್ತ್ರಿಯ ಗಂಭೀರ ಧ್ವನಿ ಬಂತು: "ಅವರಿಗೆ ಹೇಳ್ರಿ ಬಾಯಾರ, ನಾ ಮಾಡಿದ ಹುಳಾ ಯಾವ ಔಷಧಕ್ಕೂ ಸಾಯಂಗಿಲ್ಲ!"

೫. ಕಡಕ್ ಚಹಾ

ದೀಪಾವಳಿಗೆ ಇನ್ನು ಸ್ವಲ್ಪವೇ ದಿನ ಇದ್ದಾಗ ಧಣಿಗಳಿಗೆ ದಹಿಸರಿನಲ್ಲಿ ಒಂದು ಹೆಣ್ಣಿನ ಸುದ್ದಿ ಸಿಕ್ಕಿತು. ಬಿಜಾಪುರ ಕಡೆಯವರು. ಅಣ್ಣನ ಜೊತೆ ಇದ್ದಾಳೆ, ರೊಟ್ಟಿ ಖಾನಾವಳಿ ನಡೆಸುತ್ತಾಳೆ. "ಹುಡುಗಿಗೆ ಇಪ್ಪತ್ತೆಂಟು," ಎಂದು ಅಣ್ಣ ಹೇಳಿ ಕಳಿಸಿದ್ದ. "ನಮ್ಮ ಹುಡುಗನಿಗೆ ಮೂವತ್ನಾಲ್ಕು," ಎಂದು ಧಣಿಗಳು ಹೇಳಿ ಕಳಿಸಿದರು. ಭಾನುವಾರ ನೋಡಲು ಹೋಗುವುದೆಂದಾಯಿತು. ಮೇಸ್ತ್ರಿಗೆ ಮುಂಬಯಿಯಲ್ಲಿ ಸ್ವಂತದವರು ಯಾರೂ ಇಲ್ಲ. ಗಂಡಿನ ಕಡೆಯ ಹಿರಿಯರೆಂದು ಧಣಿಗಳೂ ನಾನೂ.

ಕಾಂದಿವಲಿ ಸ್ಟೇಶನ್ನಿನಲ್ಲಿ ಮೇಸ್ತ್ರಿಯನ್ನು ನೋಡಿ ನಾನು ಗುರುತು ಹಿಡಿಯಲಿಲ್ಲ. ತಲೆಗೂದಲು ಕರ್ರಗೆ ಡಾಂಬರು ಹಾಕಿದ ಹಾಗೆ. ಅದರ ಕೆಳಗೆ ಅದೇ ಬೂದು ಮೀಸೆ. ಮೂಗಿಗೆ ಗಮ್ಮೆಂದು ಹುಳಿ ವಾಸನೆ.

"ಏನು ಮೇಸ್ತ್ರಿ ಇದು?"

"ನಮ್ಮ ಔಷಧಾನ ಹಚ್ಚೀನ್ರಿ," ಎಂದರು ನಾಚಿಕೊಂಡು. "ತಲಿಗೆ ಮೊದಲ ಚಹಾ, ಮ್ಯಾಲ ಮೊಳೆನೀರು. ಎಷ್ಟ ಚಲೋ ಹತ್ತೇತಿ ನೋಡ್ರಿ! ಆದ್ರ ಡಿಕಾಕ್ಷನ್ ಎಲ್ಲಾ ತಲಿಗೇ ಮುಗೀತು. ಮೀಸಿಗೆ ಬರೇ ಮೊಳೆನೀರು ಹಚ್ಚಿದೆ, ಗಟ್ಟಿಯಾಗೇ ಹಚ್ಚಿದೆ, ಹತ್ತಲೇ ಇಲ್ಲ. ಇರಲಿ ಬಿಡ್ರಿ."

ಧಣಿಗಳು ಸುತ್ತ ಒಂದು ಪ್ರದಕ್ಷಿಣೆ ಬಂದು, "ತಲೆ ಮೂವತ್ನಾಲ್ಕು, ಮೀಸೆ ಐವತ್ತು. ಸರಾಸರಿ ತೆಗೆದರೆ ನಡೀತದೆ," ಎಂದರು. ಲೋಕಲ್ಲಿನಲ್ಲಿ ನಮ್ಮ ಪಕ್ಕದಲ್ಲಿದ್ದ ಗುಜರಾತಿ ಮುದುಕರು ನಮ್ಮ ಚೀಲದಲ್ಲಿ ಉಪ್ಪಿನಕಾಯಿ ಸೋರುತ್ತಿದೆಯೆಂದು ದಾರಿಯುದ್ದಕ್ಕೂ ಎಚ್ಚರಿಸುತ್ತಲೇ ಇದ್ದರು.

ದಹಿಸರಿನ ಮನೆ ಎರಡು ಕೋಣೆಯದು, ಥಳಥಳ ತೊಳೆದಿದ್ದರು. ಹುಡುಗಿಯ ಅಣ್ಣ ದಪ್ಪ ಕನ್ನಡಕದ ಮನುಷ್ಯ, ನಮ್ಮನ್ನು ಸಾಲಾಗಿ ಕೂರಿಸಿದ. ಮೇಸ್ತ್ರಿಯ ತಲೆ ನೋಡಿ ಸಮಾಧಾನಪಟ್ಟ. ಮೀಸೆಗೆ ಇಳಿದು ನಿಂತುಬಿಟ್ಟ.

"ವಯಸ್ಸು ಮೂವತ್ನಾಕು ಅಂದ್ರಲ್ಲಾ?"

"ಹೌದ್ರಿ," ಎಂದರು ಮೇಸ್ತ್ರಿ. "ಮೀಸಿ ನಮ್ಮ ಮನೆತನದಾಗ ಲಗೂ ಹಣ್ಣಾಗತೈತಿ."

ಹುಡುಗಿ ಚಹಾದ ತಟ್ಟೆ ಹಿಡಿದು ಬಂದಳು. ಎತ್ತರದ ಆಳು, ಚುರುಕು ಕಣ್ಣು. ಕಪ್ಪಿನಲ್ಲಿದ್ದ ಚಹಾ ಇಟ್ಟಿಗೆ ಬಣ್ಣದ್ದು, ಖಾನಾವಳಿಯ ಕಡಕ್ ಚಹಾ. ಅದರ ಹಬೆ ಮೂಗಿಗೆ ಬಡಿದದ್ದೇ ನನಗೆ ನನ್ನ ಕೆನೆಬಣ್ಣದ ಸೀರೆ ನೆನಪಾಯಿತು. ಮೊಳೆನೀರು ಮೊದಲೇ ಬಿದ್ದಿದೆ. ಇನ್ನು ಬೀಳಬೇಕಾದದ್ದು ಚಹಾ ಒಂದೇ!

"ಮೇಸ್ತ್ರಿಗೆ ಚಹಾ ಬೇಡ!" ಎಂದೆ, ಬೇಕಾದದ್ದಕ್ಕಿಂತ ಜೋರಾಗಿ.

ಅಣ್ಣನ ಮುಖ ಬಿಗಿಯಿತು. ಹುಡುಗಿಯ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. ಧಣಿಗಳು ನನ್ನ ಕಾಲು ತುಳಿದು, "ಎಂತ ಮಾತು ನಿಮ್ದು! ಚಹಾ ಬೇಡ ಅಂದ್ರೆ ಹುಡುಗಿ ಬೇಡ ಅಂದ ಹಾಗೆ!" ಎಂದು ಹಲ್ಲಿನ ನಡುವೆ ಹೇಳಿದರು. ಮೇಸ್ತ್ರಿಯಂತೂ ಸಂಬಂಧ ಕೈ ತಪ್ಪೀತೆಂದು ಹೆದರಿ, "ಯಾರಂದ್ರು? ಚಹಾ ಅಂದ್ರ ನನಗ ಪಂಚಪ್ರಾಣ!" ಎಂದು ಕಪ್ಪು ಎತ್ತಿಕೊಂಡು, ಅದರ ಕೆಳಗಿನ ಬಸಿಗೆ ಸುರುವಿ, ಎಡಗಡೆಗೆ ವಾಲಿಸಿ ಸೊರ್ರ್ ಎಂದು ಎಳೆದರು.

ಒಂದು ಗುಟುಕು. ಏನೂ ಆಗಲಿಲ್ಲ. ಎರಡು ಗುಟುಕು. ಎಡ ಮೀಸೆಯ ತುದಿಯಲ್ಲಿ ಮೋಡ ಕವಿದಂತಾಯಿತು. ಅಣ್ಣ ಖಾನಾವಳಿಯ ವಿಷಯ ಹೇಳುತ್ತಿದ್ದ, "ದಿನಾ ಒಂದು ಮಣ ಜ್ವಾಳ..." ಎಂದವನು ಅಲ್ಲೇ ನಿಂತ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡ. ಮತ್ತೆ ನೋಡಿದ. ಮತ್ತೆ ಒರೆಸಿದ. ಅವನು ಪ್ರತಿ ಸಲ ಒರೆಸಿದಾಗಲೂ ಮೇಸ್ತ್ರಿ ಐದು ವರ್ಷ ಚಿಕ್ಕವರಾಗುತ್ತಿದ್ದರು, ಎಡಗಡೆ ಮಾತ್ರ. ಬಲಗಡೆಗೆ ಇನ್ನೂ ಐವತ್ತೇ.

"ಚಹಾ ಭಾರೀ ಆಗೈತ್ರಿ!" ಎಂದು ಮೇಸ್ತ್ರಿ ಖುಷಿಯಿಂದ ಇನ್ನೊಂದು ಬಸಿ ಎಳೆದರು.

ಹುಡುಗಿ ಎಲ್ಲವನ್ನೂ ನೋಡುತ್ತಿದ್ದಳು. ಫಕ್ಕನೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಆಗ ಮೇಸ್ತ್ರಿಗೆ ಏನೋ ಹೆಚ್ಚುಕಡಿಮೆ ಆಗಿದೆ ಅನ್ನಿಸಿತು. ಮುಂದಿದ್ದ ಸ್ಟೀಲಿನ ತಟ್ಟೆಯನ್ನು ಎತ್ತಿ ಮುಖ ನೋಡಿಕೊಂಡರು. ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು. ತಟ್ಟೆ ಮೆಲ್ಲಗೆ ಕೆಳಗಿಟ್ಟು ತಲೆ ತಗ್ಗಿಸಿದರು. ಊರಿನ ಟಿಕೀಟು ಆಗಲೇ ಕೈಯಲ್ಲಿ ಹಿಡಿದವರ ಹಾಗೆ ಕಂಡರು. ಧಣಿಗಳು ಕಣ್ಣು ಮುಚ್ಚಿಕೊಂಡರು. ಬಾಯೊಳಗೇ ದೇವರ ಹೆಸರೋ ಮೇಜುಗಳ ಲೆಕ್ಕವೋ ನಡೆದಿತ್ತು.

ಹುಡುಗಿ ಹೊರಗೆ ಬಂದಳು. ಕೈಯಲ್ಲಿ ಖಾನಾವಳಿಯ ದೊಡ್ಡ ಕೆಟ್ಲಿ. ನೇರ ಮೇಸ್ತ್ರಿಯ ಮುಂದೆ ನಿಂತು, ಖಾಲಿ ಬಸಿಗೆ ತುಂಬ ಸುರಿದಳು.

"ಒಂದ ಬಾಜೂ ಆಗೈತಿ. ಇನ್ನೊಂದ ಬಾಜೂ ಉಳದೈತಿ. ಬಲಕ್ಕ ಹಿಡದು ಕುಡೀರಿ," ಎಂದಳು.

ಮೇಸ್ತ್ರಿ ಬಸಿ ಮುಟ್ಟಲಿಲ್ಲ. "ನಲವತ್ತಾರ್ರಿ," ಎಂದರು ನೆಲ ನೋಡುತ್ತ.

"ಏನು ನಲವತ್ತಾರು?"

"ವಯಸ್ಸು."

ಆಕೆ ಕೆಟ್ಲಿ ಕೆಳಗಿಟ್ಟಳು. "ನನಗ ಮೂವತ್ತೆಂಟು. ಇಪ್ಪತ್ತೆಂಟು ಅಂತ ನಮ್ಮಣ್ಣ ಹೇಳಿ ಕಳಿಸ್ಯಾನ. ಹತ್ತು ವರ್ಷ ಎಲ್ಲಿ ಇಟ್ಟಿ ಅಂತ ಅವನ್ನ ಕೇಳ್ರಿ."

ಅಣ್ಣನ ನೆತ್ತಿಗೆ ಚಹಾ ಏರಿತು. ಅವನು ಕೆಮ್ಮುತ್ತಿರುವಾಗಲೇ ನಮ್ಮ ಧಣಿಗಳು ಕಣ್ಣು ತೆರೆದು, ಬಲಗೈಯಲ್ಲಿ ಇಲ್ಲದ ಲಾಠಿ ಎತ್ತಿ, ಆ ಹವಾಲ್ದಾರರ ಧ್ವನಿಯಲ್ಲೇ, "ದೋನ್ಹೀ ಖೋಟಂ!" ಎಂದು ತೀರ್ಪು ಕೊಟ್ಟರು. ಮೊದಲು ನಕ್ಕದ್ದು ಹುಡುಗಿ. ಅವಳ ಹಿಂದೆ ಮೇಸ್ತ್ರಿ. ಕಪ್ಪು ಮೀಸೆಯೂ ಬಿಳಿ ಮೀಸೆಯೂ ಬೇರೆ ಬೇರೆ ಮನುಷ್ಯರವೆಂಬಂತೆ ಕುಣಿಯುತ್ತಿದ್ದವು.

ದೀಪಾವಳಿಗೆ ಮೊದಲೇ ಮದುವೆ ಆಯಿತು. ಮೇಜುಗಳಿಗೆ ವಯಸ್ಸಾಗುವುದೂ ನಿಲ್ಲಲಿಲ್ಲ. ಮೇಸ್ತ್ರಿಗೆ ಮಾತ್ರ ಆ ಮೇಲೆ ಯಾವ ಔಷಧವೂ ಬೇಕಾಗಲಿಲ್ಲ. ಚರಟವೂ ಹೋಟೆಲಿನಿಂದ ಬರುವುದು ನಿಂತು, ದಹಿಸರಿನ ಖಾನಾವಳಿಯಿಂದ ಬರತೊಡಗಿತು. ಮರಕ್ಕೆ ಅದು ಇನ್ನೂ ಚೆನ್ನಾಗಿ ಹತ್ತುತ್ತದೆಯೆಂದು ಧಣಿಗಳೇ ಒಪ್ಪಿದರು, ಹೋಟೆಲಿನವರಾಗಿ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡು.

ಇದನ್ನು ಯಾರಿಗೂ ಹೇಳಬಾರದೆಂದು ಮೇಸ್ತ್ರಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಮೊನ್ನೆ ಅವರ ಹೆಂಡತಿ ಸಿಕ್ಕು ಆ ಆಣೆಯನ್ನು ರದ್ದು ಮಾಡಿದಳು. "ಹೇಳ್ರಿ ಅಕ್ಕಾ, ಎಲ್ಲಾರಿಗೂ ಹೇಳ್ರಿ. ಕೇಳಿದವರಿಗೂ ಮುಂದಿನವರಿಗೆ ಹೇಳ್ರಿ ಅಂತ ಹೇಳ್ರಿ. ಆದ್ರ ಮೀಸಿ ಕರ್ರಗಾದದ್ದು ಮೊಳೆನೀರಿಂದ ಅಂತ ಯಾರೂ ಹೇಳಬಾರದು, ನನ್ನ ಚಹಾದಿಂದ ಅಂತ ಹೇಳಬೇಕು."

ನಾನು ಹೇಳಿಯಾಯಿತು. ಇನ್ನು ನೀವು ಹೇಳುವಾಗ ಚಹಾ ಕಡಕ್ ಆಗಿತ್ತು ಅನ್ನುವುದನ್ನು ಮಾತ್ರ ಬಿಡಬೇಡಿ.